ಆರರಿಂದ ಎಂಟನೇ ತರಗತಿವರೆಗಿನ ಗಣಿತದಲ್ಲಿ ಮಕ್ಕಳು ಏನು ಕಲಿಯುತ್ತಾರೆ?

ಮಗಳು ಐದನೇ ತರಗತಿ ಮುಗಿಸಿದ್ದಾಳೆ, ಮುಂದೆ ಗಣಿತದಲ್ಲಿ ಏನೇನು ಬರುತ್ತದೆ, ಯಾವುದಕ್ಕೆ ಜಾಸ್ತಿ ಗಮನ ಕೊಡಬೇಕು ಅಂತ ಕೇಳಿದ್ದೀರಿ. ನಾನು ಈ ವಯಸ್ಸಿನ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ.

ಪಾಠಗಳ ಹೆಸರು ಬೇಕಿದ್ದರೆ ಸುಲಭ: ಋಣ ಸಂಖ್ಯೆ, ಭಿನ್ನರಾಶಿ, ಅನುಪಾತ, ಶೇಕಡಾ, ಸರಳ ಸಮೀಕರಣ, ಕೋನ, ತ್ರಿಭುಜ, ವಿಸ್ತೀರ್ಣ, ಘನಫಲ, ಸರಾಸರಿ. ಆದರೆ ದೊಡ್ಡ ಬದಲಾವಣೆ ಬೇರೆಯೇ ಇದೆ. ಅಲ್ಲಿವರೆಗೆ 'ಎಷ್ಟು ಜಾಸ್ತಿ' ಅಂತ ನೋಡುತ್ತಿದ್ದ ಮಗು 'ಎಷ್ಟು ಪಟ್ಟು' ಅಂತ ನೋಡಲು ಕಲಿಯಬೇಕು.

2 ಡಬ್ಬ ನೀಲಿಗೆ 3 ಡಬ್ಬ ಹಳದಿ ಬೆರೆಸಿದರೆ ಒಂದು ಹಸಿರು ಬಣ್ಣ ಬರುತ್ತದೆ ಅನ್ನಿ. 4 ಡಬ್ಬ ನೀಲಿ ಹಾಕಿದರೆ ಅದೇ ಹಸಿರಿಗೆ ಹಳದಿ ಎಷ್ಟು ಬೇಕು? ತುಂಬಾ ಮಕ್ಕಳು 5 ಅನ್ನುತ್ತಾರೆ. ನೀಲಿ 2 ಜಾಸ್ತಿಯಾಯಿತು, ಹಳದಿಯೂ 2 ಜಾಸ್ತಿಯಾಗಲಿ ಅನ್ನುವ ಲೆಕ್ಕ! ಸರಿಯುತ್ತರ 6. ಇದೊಂದು ತಲೆಗೆ ಹತ್ತಿದರೆ ಶೇಕಡಾ, ವೇಗ, ನಕ್ಷೆಯ ಅಳತೆ ಯಾವುದೂ ಅಷ್ಟು ಕಷ್ಟವಾಗುವುದಿಲ್ಲ. 100ನ್ನು ಶೇ 20 ಏರಿಸಿ, ಬಂದ 120ನ್ನು ಶೇ 20 ಇಳಿಸಿದರೆ 96 ಆಗುತ್ತದೆ. ಯಾಕೆ ಅಂತ ಕೇಳಿದರೆ ದೊಡ್ಡವರೂ ತಡವರಿಸುತ್ತಾರೆ ಬಿಡಿ.

ಇನ್ನೊಂದು, ಸಮ ಚಿಹ್ನೆ. 8 + 4 = __ + 5 ಅಂತ ಬರೆದುಕೊಡಿ. 7ರ ಬದಲು 12 ಅಂತ ತುಂಬಿದರೆ, ಆ ಚಿಹ್ನೆ ಮಗುವಿಗೆ 'ಉತ್ತರ ಬರೆ' ಅಂತ ಕಾಣುತ್ತಿದೆ. ಅದು ತಕ್ಕಡಿ, ಎರಡೂ ಕಡೆ ಒಂದೇ ತೂಕ ಇರಬೇಕು ಅಂತ ಗೊತ್ತಾಗದೆ ಬೀಜಗಣಿತಕ್ಕೆ ಹೋದರೆ, 'ಆ ಕಡೆ ಹೋದರೆ ಚಿಹ್ನೆ ಬದಲು' ಅನ್ನುವ ಬಾಯಿಪಾಠವೇ ಗತಿ. ನನಗಂತೂ ಆ ಬಾಯಿಪಾಠ ಕಂಡರೆ ಆಗುವುದಿಲ್ಲ.

ಋಣವನ್ನು ಋಣದಿಂದ ಗುಣಿಸಿದರೆ ಧನ ಅನ್ನುವುದನ್ನೂ ಸುಮ್ನೆ ನಂಬಿಸಬೇಡಿ. ನಮ್ಮ ಹಳೆಯ ಗಣಿತಜ್ಞ ಬ್ರಹ್ಮಗುಪ್ತ ಕ್ರಿ.ಶ. 628ರಲ್ಲೇ ಈ ನಿಯಮ ಬರೆದಿಟ್ಟಿದ್ದಾನೆ, ಆದರೂ ಕಾರಣ ಮಗುವೇ ಕಾಣಬಹುದು. −2ನ್ನು ಕ್ರಮವಾಗಿ 3, 2, 1, 0ಯಿಂದ ಗುಣಿಸಿದರೆ −6, −4, −2, 0. ಪ್ರತಿಸಲ 2 ಏರುತ್ತಿದೆ, ಅಲ್ವಾ? ಹಾಗಾದರೆ −1ರಿಂದ ಗುಣಿಸಿದಾಗ 2 ಬರಲೇಬೇಕು.

ರೇಖಾಗಣಿತ, ಸರಾಸರಿ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ರಜೆಯಲ್ಲಿ ಭಿನ್ನರಾಶಿ ಗಟ್ಟಿ ಮಾಡಿಸಿ. 3/4 ದೊಡ್ಡದೋ 5/7 ದೊಡ್ಡದೋ ಕೇಳಿ. 3/4 ಅಂದರೆ ಸಾಲದು, ಹೇಗೆ ಗೊತ್ತಾಯಿತು ಅಂತಲೂ ಅವಳೇ ಹೇಳಲಿ.