ಲಿಪ್‌ಸ್ಟಿಕ್ ಫೋಟೋದಲ್ಲಿ ಹೆಂಗಸು ಎಲ್ಲಿದ್ದಾಳೆ?

(ಜಪಾನಿನ ಛಾಯಾಗ್ರಾಹಕಿ ಇಶಿಉಚಿ ಮಿಯಾಕೊ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಶಿವಮೊಗ್ಗದ ಓದುಗರೊಬ್ಬರು ಹೀಗೆ ಬರೆದಿದ್ದಾರೆ: "ಹೆಂಗಸರ ಚರಿತ್ರೆ ಅಂತ ತಲೆಬರಹ ಕೊಟ್ಟಿದ್ದೀರಿ. ಒಳಗೆ ನೋಡಿದರೆ ಬರೀ ಹಳೆಯ ಲಿಪ್‌ಸ್ಟಿಕ್, ಒಳಉಡುಪು, ಹಲ್ಲಿನ ಸೆಟ್ಟು. ಹೆಂಗಸು ಎಲ್ಲಿ? ಸತ್ತವರ ಒಳಬಟ್ಟೆಯನ್ನು ಊರಿಗೆಲ್ಲ ತೋರಿಸುವುದು ಸರಿಯಾ? ನನ್ನ ಅಮ್ಮನ ಟ್ರಂಕ್ ಇನ್ನೂ ಅಟ್ಟದ ಮೇಲಿದೆ. ಅದನ್ನು ತೆಗೆದು ಫೋಟೋ ಹೊಡೆದರೆ ಅದೂ ಚರಿತ್ರೆ ಆಗುತ್ತಾ?")

ನಮಸ್ಕಾರ. ಇಷ್ಟು ನೇರವಾಗಿ ಕೇಳಿದ್ದೀರಿ, ನಾನೂ ನೇರವಾಗಿಯೇ ಹೇಳುತ್ತೇನೆ. ಆ ಚಿತ್ರಗಳಲ್ಲಿ ಹೆಂಗಸು ಇದ್ದಾಳೆ. ಲೇಖನದಲ್ಲಿದ್ದ ಲಿಪ್‌ಸ್ಟಿಕ್ ಚಿತ್ರವನ್ನು ಇನ್ನೊಮ್ಮೆ ತೆಗೆದು ನೋಡಿ. ಬಣ್ಣದ ತುದಿ ಹೊಸದರಂತೆ ಚೂಪಾಗಿಲ್ಲ, ಸವೆದಿದೆ. ಅದು ಸವೆದಿರುವ ರೀತಿ ಅವಳದೇ: ಯಾವ ಕೈಯಲ್ಲಿ ಹಿಡಿದಳು, ಎಷ್ಟು ಒತ್ತಿದಳು, ತುಟಿಯ ಯಾವ ಮೂಲೆಯಿಂದ ಶುರುಮಾಡಿದಳು, ಎಲ್ಲಾ ಆ ಓರೆಯಲ್ಲಿ ಉಳಿದುಬಿಟ್ಟಿದೆ. ಸ್ಟುಡಿಯೋದಲ್ಲಿ ಮುಖ ಬಿಗಿ ಮಾಡಿಕೊಂಡು ಕೂತ ಫೋಟೋಗಿಂತ ಇದು ಜಾಸ್ತಿ ಹೇಳುತ್ತದೆ ಅನ್ನುವುದು ನನ್ನ ನಂಬಿಕೆ.

ಆ ಲಿಪ್‌ಸ್ಟಿಕ್ ಯಾರದು ಅನ್ನುವುದೂ ಮುಖ್ಯ. ಇಶಿಉಚಿಯ ಅಮ್ಮ ಹುಟ್ಟಿದ್ದು 1916ರಲ್ಲಿ. ಹೆಂಗಸರು ಸ್ಟಿಯರಿಂಗ್ ಮುಟ್ಟುವುದೇ ಅಪರೂಪವಾಗಿದ್ದ ಕಾಲದಲ್ಲಿ 18ನೇ ವಯಸ್ಸಿಗೇ ಡ್ರೈವಿಂಗ್ ಲೈಸೆನ್ಸ್ ತೆಗೆದುಕೊಂಡವರು, ಡ್ರೈವರ್ ಆಗಿ ದುಡಿದವರು. ಮೊದಲ ಗಂಡ ಯುದ್ಧಕ್ಕೆ ಹೋಗಿ ಸತ್ತ ಅಂತ ಸುದ್ದಿ ಬಂದಿತ್ತು. ಇನ್ನೊಬ್ಬರ ಜೊತೆ ಬದುಕು ಕಟ್ಟಿಕೊಂಡ ಮೇಲೆ ಆತ ಜೀವಂತ ವಾಪಸ್ ಬಂದ. ಇಂಥ ಕಥೆ ಯಾವ ಪಠ್ಯಪುಸ್ತಕಕ್ಕೂ ಬರುವುದಿಲ್ಲ ಅಲ್ವಾ? ತಾಯಿ ಮಗಳಿಗೆ ಅಷ್ಟಕ್ಕಷ್ಟೇ ಇತ್ತು. 2000ದಲ್ಲಿ ಅಮ್ಮ ತೀರಿಕೊಂಡಾಗ ಮಾತಾಡಬೇಕಾದ್ದು ಬಾಕಿ ಉಳಿಯಿತು, ಅಮ್ಮನ ಸಾಮಾನುಗಳನ್ನು ಬಿಸಾಡಲೂ ಮನಸ್ಸು ಬರಲಿಲ್ಲ. ಮಗಳು ಒಂದೊಂದನ್ನೇ ತೆಗೆದು ಫೋಟೋ ಮಾಡಿದ್ದು ಹಾಗೆ. ಒಳಲಂಗದ ಹಿಂದಿನಿಂದ ಬೆಳಕು ಬರುವಂತೆ ಮಾಡಿದ್ದಾರೆ. ತೆಳು ಬಟ್ಟೆ, ಅದರ ಲೇಸು, ಒಳಗೆ ಯಾರೂ ಇಲ್ಲ, ಆದರೂ ಮೈಯ ಆಕಾರ ಇದೆ. ಅಮ್ಮ ಬದುಕಿದ್ದಾಗ ತೆಗೆದ, ಬಿಸಿ ಎಣ್ಣೆ ಬಿದ್ದು ಆದ ಸುಟ್ಟ ಗಾಯದ ಕಲೆಯ ಚಿತ್ರಗಳೂ ಇದೇ ಸರಣಿಯಲ್ಲಿವೆ.

ಕಳೆದ ಲೇಖನದಲ್ಲಿ ಒಂದೇ ಸಾಲಿನಲ್ಲಿ ಹೋಗಿಬಿಟ್ಟ ಸಂಗತಿ ಒಂದಿದೆ. ಇಶಿಉಚಿ ಮಿಯಾಕೊ ಅನ್ನುವುದು ಈ ಛಾಯಾಗ್ರಾಹಕಿ ಹುಟ್ಟಿದಾಗ ಇಟ್ಟ ಹೆಸರಲ್ಲ, ಅಮ್ಮನ ತವರಿನ ಹೆಸರು. ಮದುವೆಯಾದ ಮೇಲೆ ಅಮ್ಮ ಬಿಟ್ಟ ಹೆಸರನ್ನು ಮಗಳು ಎತ್ತಿಕೊಂಡು ತನ್ನ ಕೆಲಸಕ್ಕೆ ಇಟ್ಟುಕೊಂಡರು, ಅದೂ ಅಮ್ಮ ಬದುಕಿದ್ದಾಗಲೇ. 2005ರಲ್ಲಿ ಇಟಲಿಯ ವೆನಿಸ್ ಬಿಯೆನಾಲೆ ಅನ್ನುವ ಅಂತರರಾಷ್ಟ್ರೀಯ ಕಲಾಪ್ರದರ್ಶನದಲ್ಲಿ, ಜಪಾನಿನ ಪೆವಿಲಿಯನ್ನಿನಲ್ಲಿ ಈ ಚಿತ್ರಗಳು ತೂಗಿದ್ದು ಅದೇ ಹೆಸರಿನಲ್ಲಿ. ನಮ್ಮಲ್ಲೂ ಮದುವೆಯಾದ ಕೂಡಲೇ ಇನಿಷಿಯಲ್ ಬದಲಾಗುತ್ತದೆ, ಕೆಲವು ಮನೆಗಳಲ್ಲಿ ಹೆಸರನ್ನೇ ಬದಲಾಯಿಸುತ್ತಿದ್ದರು. ನಿಮ್ಮ ಅಜ್ಜಿಯ ತವರಿನ ಹೆಸರು ನಿಮಗೆ ಗೊತ್ತಾ? ಸುಮ್ನೆ ಕೇಳುತ್ತಿಲ್ಲ, ಕಾಗದಪತ್ರದಲ್ಲಿ ಅವರು ಇಂಥವರ ಹೆಂಡತಿ ಮಾತ್ರ. ಅವರು ಮುಟ್ಟಿ ಸವೆಸಿದ ವಸ್ತುವಿನಲ್ಲಿ ಹಾಗಲ್ಲ.

ವಸ್ತುಗಳ ನಡುವೆ ಹೆಂಗಸು ತನ್ನ ಗುರುತು ಇಟ್ಟುಹೋಗುವುದು ಹೊಸದೇನೂ ಅಲ್ಲ. 17ನೇ ಶತಮಾನದ ಯೂರೋಪಿನಲ್ಲಿ ಚಿತ್ರಕಲೆಯ ಮೇಲುಕೀಳು ಲೆಕ್ಕ ಹಾಕಿದವರು, ಹಣ್ಣು ಪಾತ್ರೆ ಹೂವುಗಳ ಸ್ಟಿಲ್ ಲೈಫನ್ನು ಎಲ್ಲಕ್ಕಿಂತ ಕೆಳಗೆ ಇಟ್ಟರು. ಮೇಲಿನ ದರ್ಜೆಯ ಚಿತ್ರಗಳಿಗೆ ಬೇಕಾದ, ಬೆತ್ತಲೆ ದೇಹ ನೋಡಿ ಬರೆಯುವ ಅಭ್ಯಾಸಕ್ಕೆ ಹೆಂಗಸರನ್ನು ಬಿಡುತ್ತಿರಲಿಲ್ಲ, ಹಾಗಾಗಿ ಅನೇಕರಿಗೆ ಉಳಿದಿದ್ದು ಇದೇ ದಾರಿ. ಕ್ಲಾರಾ ಪೀಟರ್ಸ್ ಅನ್ನುವ ಕಲಾವಿದೆ 1615ರ ಸುಮಾರಿಗೆ ಚೀಸ್, ಬಾದಾಮಿ ಇಟ್ಟ ಒಂದು ಮೇಜಿನ ಚಿತ್ರ ಬರೆದರು. ಈಗ ಅದು ಹೇಗ್ ನಗರದ ಮೌರಿಟ್ಸ್‌ಹೌಸ್ ಮ್ಯೂಸಿಯಮ್ಮಿನಲ್ಲಿದೆ. ಮೇಜಿನ ಅಂಚಿನಲ್ಲಿರುವ ಚಾಕುವಿನ ಮೇಲೆ ಅವರ ಹೆಸರು ಕೆತ್ತಿದಂತೆ ಬರೆದಿದೆ. ಹಿಂದಿನ ಹೂಜಿಯ ಲೋಹದ ಮುಚ್ಚಳದಲ್ಲಿ ಪುಟ್ಟದೊಂದು ಮುಖದ ಪ್ರತಿಬಿಂಬ ಇದೆ, ಅದು ಅವರದೇ. ಹತ್ತಿರ ಹೋಗದಿದ್ದರೆ ಕಾಣುವುದಿಲ್ಲ. ಮ್ಯಾಡ್ರಿಡ್ಡಿನ ಪ್ರಾದೊ ಮ್ಯೂಸಿಯಂ ತೆರೆದದ್ದು 1819ರಲ್ಲಿ. ಅಲ್ಲಿ ಒಬ್ಬ ಕಲಾವಿದೆಗೇ ಮೀಸಲಾದ ಮೊದಲ ಪ್ರದರ್ಶನ ನಡೆದಿದ್ದು 2016ರಲ್ಲಿ, ಅದು ಕ್ಲಾರಾ ಅವರದು. ಇಷ್ಟು ತಡವಾಯಿತು ಅಂದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಇನ್ನು ಒಳಬಟ್ಟೆಯ ಪ್ರಶ್ನೆ. ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಮಗಳು ತನ್ನ ಅಮ್ಮನದನ್ನು ತೋರಿಸುವುದು ಬೇರೆ, ಹೊರಗಿನವರು ತೋರಿಸುವುದು ಬೇರೆ. ಇಶಿಉಚಿ 2012ರಲ್ಲಿ ಮೆಕ್ಸಿಕೋದ ಕಲಾವಿದೆ ಫ್ರಿಡಾ ಕಾಲೊ ಅವರ ಮನೆಗೆ ಹೋಗಿ ಅವರ ವಸ್ತುಗಳನ್ನೂ ಚಿತ್ರಿಸಿದರು. ಫ್ರಿಡಾ 1954ರಲ್ಲಿ ತೀರಿಕೊಂಡ ಮೇಲೆ ಗಂಡ ಡಿಯಾಗೊ ರಿವೆರಾ ಬೀಗ ಹಾಕಿಸಿದ, ಆ ವಸ್ತುಗಳಿದ್ದ ಕೋಣೆ ತೆರೆದಿದ್ದು 2004ರಲ್ಲಿ. ಫ್ರಿಡಾ ಅವರ ಒಪ್ಪಿಗೆ ಯಾರೂ ಕೇಳುವಂತಿರಲಿಲ್ಲ. ಅದು ನನಗೂ ಚುಚ್ಚುತ್ತದೆ. ಆದರೆ ಫ್ರಿಡಾ ಅವರ ಬೂಟುಗಳ ಚಿತ್ರ ನೋಡಿ: ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಬಲಗಾಲು ಸಣ್ಣದಾಗಿತ್ತು, ಅದಕ್ಕೇ ಬಲಗಾಲಿನ ಹಿಮ್ಮಡಿ ಎತ್ತರ. ಉದ್ದ ಲಂಗದ ಕೆಳಗೆ ಮುಚ್ಚಿಟ್ಟಿದ್ದು ಅದು. ಫ್ರಿಡಾ ಮುಖ ಈಗ ಕಾಫಿ ಕಪ್, ಚೀಲ, ಟೀಶರ್ಟುಗಳ ಮೇಲೆಲ್ಲ ಇದೆ, ಅವರ ನೋವು ಅಲ್ಲಿ ಎಲ್ಲೂ ಇಲ್ಲ. ಬೂಟಿನಲ್ಲಿದೆ. ತಮಾಷೆಗೋ ಕುತೂಹಲಕ್ಕೋ ತೆಗೆದ ಚಿತ್ರ ಅಲ್ಲ ಅನ್ನುವುದು ನೋಡಿದ ಕೂಡಲೇ ತಿಳಿಯುತ್ತದೆ, ನಾನು ಒಪ್ಪಿದ್ದು ಅದಕ್ಕೆ.

ಇಶಿಉಚಿ ತೆಗೆದ ಹಿರೋಷಿಮಾದ ಚಿತ್ರಗಳ ಬಗ್ಗೆ ನೀವು ಏನೂ ಬರೆದಿಲ್ಲ, ನನಗೆ ಎಲ್ಲಕ್ಕಿಂತ ಇಷ್ಟ ಅವೇ. 1945ರ ಆಗಸ್ಟ್ 6ರ ಬಾಂಬಿಗೆ ಸಿಕ್ಕವರ ಬಟ್ಟೆಗಳು ಅಲ್ಲಿನ ಮ್ಯೂಸಿಯಮ್ಮಿನಲ್ಲಿವೆ. ತ್ಸುಚಿದಾ ಹಿರೋಮಿ ಅನ್ನುವ ಛಾಯಾಗ್ರಾಹಕರು ಮೊದಲೇ ಅಲ್ಲಿನ ವಸ್ತುಗಳನ್ನು ಕಪ್ಪುಬಿಳುಪಿನಲ್ಲಿ ತೆಗೆದು, ಕೆಳಗೆ ಅದು ಯಾರದು, ಅವರಿಗೆ ಏನಾಯಿತು ಅಂತ ಬರೆದಿದ್ದರು. ಇಶಿಉಚಿ ಬಣ್ಣದಲ್ಲಿ ತೆಗೆದರು. ಯುದ್ಧಕಾಲದಲ್ಲಿ ಹೆಂಗಸರು ಮೊಂಪೆ ಅನ್ನುವ ದೊಗಳೆ ಪೈಜಾಮ ಹಾಕಬೇಕಿತ್ತು, ಒಳಗೆ ಮಾತ್ರ ತಮಗಿಷ್ಟದ ಬಟ್ಟೆ. ಕೈಯಲ್ಲಿ ಹೊಲಿದ ರವಿಕೆ, ಹೂವಿನ ಅಚ್ಚು, ಚಂದದ ಗುಂಡಿ. ಸುಟ್ಟ ತೂತಿಗಿಂತ ಮುಂಚೆ ಕಣ್ಣಿಗೆ ಬೀಳುವುದು ಆ ಬಣ್ಣ. ಆ ಬಟ್ಟೆ ಹಾಕಿದ್ದ ಹುಡುಗಿ ಬರೀ ಸತ್ತವಳಲ್ಲ, ಅಂದು ಬೆಳಿಗ್ಗೆ ಬಟ್ಟೆ ಆರಿಸಿಕೊಂಡು ಉಟ್ಟವಳು. ಆದರೂ ತ್ಸುಚಿದಾ ಬರೆದಂಥ ಆ ನಾಲ್ಕು ಸಾಲು ಬೇಕೇ ಬೇಕು ಅನ್ನುತ್ತೇನೆ. ಹೆಸರಿಲ್ಲದಿದ್ದರೆ ಅವಳು ಮತ್ತೆ ಕಳೆದುಹೋಗುತ್ತಾಳೆ.

ಹಾಗಾಗಿ ನಿಮ್ಮ ಟ್ರಂಕಿನ ವಿಷಯ. ಹೌದು, ಅದೂ ಚರಿತ್ರೆ. ಸೀರೆಗೆ ಇಸ್ತ್ರಿ ಹಾಕಬೇಡಿ, ಪಾತ್ರೆಯನ್ನು ಉಜ್ಜಬೇಡಿ, ಮಡಿಕೆಯ ಗೆರೆ, ಅರಿಶಿನದ ಕಲೆ ಇದ್ದರೆ ಇರಲಿ. ಫ್ಲ್ಯಾಷ್ ಬೇಡ, ಕಿಟಕಿ ಪಕ್ಕದ ಬೆಳಕು ಸಾಕು. ಇಶಿಉಚಿಯೂ ದೊಡ್ಡ ಲೈಟುಗಳಿಲ್ಲದೆ, ಸಣ್ಣ 35 ಎಂಎಂ ಕ್ಯಾಮೆರಾ ಕೈಯಲ್ಲೇ ಹಿಡಿದು ತೆಗೆದಿದ್ದು. ಒಂದು ಸಲಕ್ಕೆ ಒಂದೇ ವಸ್ತು ಇಡಿ, ಎಲ್ಲಿ ಸವೆದಿದೆಯೋ ಅಲ್ಲಿಗೆ ಹತ್ತಿರ ಹೋಗಿ. ಪ್ರತಿ ಚಿತ್ರದ ಹಿಂದೆ ಅಮ್ಮನ ಹೆಸರು ಬರೆಯಿರಿ, ಮದುವೆಗೆ ಮುಂಚಿನದೂ ಸೇರಿಸಿ. ಆ ವಸ್ತು ಎಲ್ಲಿಂದ ಬಂತು, ಯಾರು ಕೊಟ್ಟರು ಅಂತ ನೆನಪಿರುವ ಚಿಕ್ಕಮ್ಮನೋ ಸೋದರತ್ತೆಯೋ ಇದ್ದರೆ ಈಗಲೇ ಕೇಳಿಬಿಡಿ. ಇದನ್ನು ಅಮ್ಮ ಯಾರಿಗೂ ತೋರಿಸುತ್ತಿರಲಿಲ್ಲ ಅಂತ ಅನ್ನಿಸಿದ್ದನ್ನು ಹಾಗೇ ಮಡಿಸಿ ಒಳಗಿಡಿ.

ತೆಗೆದ ಮೇಲೆ ನಮಗೂ ಒಂದೆರಡು ಕಳಿಸಿ. ಪತ್ರಿಕೆಯಲ್ಲಿ ಹಾಕಬೇಕೋ ಬೇಡವೋ ನೀವೇ ಹೇಳಿ.

— ಸಂಪಾದಕ