ಕಥೆಯ ಒಂದು ಪುಟಕ್ಕಾಗಿ ಎರಡು ರಾತ್ರಿ ಅಡಿಕೆ ಸುಲಿದೆ

'ಕಥೆಯಲ್ಲಿ ಬರುವ ಕೆಲಸಗಳನ್ನು ನೀವು ಸ್ವತಃ ಮಾಡಿ ನೋಡುತ್ತೀರಾ? ಓದಿ, ವಿಡಿಯೊ ನೋಡಿ ಬರೆದರೆ ಸಾಲದಾ?' ಎಂದು ಕೇಳಿದ್ದೀರಿ. ಹೆಚ್ಚಿನದಕ್ಕೆ ಸಾಕು. ಆದರೆ ಪಾತ್ರದ ಕೈಗೆ ಒಂದು ಕೆಲಸ ಕೊಟ್ಟಿದ್ದೀರಿ ಅಂದರೆ ಅದನ್ನು ಒಂದು ತಾಸಾದರೂ ಮಾಡಿ ನೋಡಿ. ಯಾಕೆ ಅಂತ ನನ್ನದೇ ಉದಾಹರಣೆ ಹೇಳುತ್ತೇನೆ.

1955ರಲ್ಲಿ ನಡೆಯುವ ಒಂದು ಕಥೆ ಬರೆಯುತ್ತಿದ್ದೆ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಹುಡುಗಿ, ಉತ್ತರ ಕನ್ನಡದ ಸಿದ್ದಾಪುರದ ಹಳ್ಳಿಯೊಂದಕ್ಕೆ ಮದುವೆಯಾಗಿ ಬಂದಿದ್ದಾಳೆ. ಕೊನೆಕೊಯ್ಲಿನ ಕಾಲ, ಅಂದರೆ ಅಡಿಕೆ ಗೊನೆ ಇಳಿಸುವ ಕಾಲ. ರಾತ್ರಿ ಎಲ್ಲರೂ ಅಡಿಕೆ ಸುಲಿಯುತ್ತ ಕೂತಿದ್ದಾರೆ. ತವರಿಂದ ಬಂದ ಕಾಗದವನ್ನು ಯಾರೋ ತಂದುಕೊಡುತ್ತಾರೆ. ಅವಳು ಲಾಟೀನಿನ ಬೆಳಕಲ್ಲಿ ಓದಿ, ಕಣ್ಣೊರೆಸಿಕೊಂಡು, ಕಾಗದ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳೆ. ಬರೆದ ದಿನ ನನಗೆ ನಾನೇ ಶಹಭಾಸ್ ಅಂದುಕೊಂಡಿದ್ದೆ.

ಕೂತಲ್ಲೇ ತಿದ್ದಬಹುದಾದ ತಪ್ಪುಗಳು ಕೆಲವಿದ್ದವು. ಸಂತೆಯಲ್ಲಿ ನಯಾಪೈಸೆ ಲೆಕ್ಕ ಹಾಕಿಸಿದ್ದೆ. ಅದು ಚಲಾವಣೆಗೆ ಬಂದದ್ದು 1957ರ ಏಪ್ರಿಲ್ 1ಕ್ಕೆ. ಅದಕ್ಕೂ ಮುಂಚೆ ಆಣೆ. ಇನ್ನೊಂದು, 1956ರ ನವೆಂಬರ್‌ವರೆಗೆ ಸಾಗರ ಮೈಸೂರು ರಾಜ್ಯದಲ್ಲಿತ್ತು, ಸಿದ್ದಾಪುರ ಮುಂಬಯಿ ರಾಜ್ಯದಲ್ಲಿ. ಪಕ್ಕದ ತಾಲ್ಲೂಕಿಗೆ ಕೊಟ್ಟ ಹುಡುಗಿ ರಾಜ್ಯವನ್ನೇ ದಾಟಿ ಹೋಗಿದ್ದಾಳೆ! ಇಂಥವಕ್ಕೆ ಯಾರೂ ಕೈ ಕೊಳೆ ಮಾಡಿಕೊಳ್ಳಬೇಕಿಲ್ಲ.

ಅಡಿಕೆ ಸುಲಿಯಲು ಮಾತ್ರ ಪರಿಚಯದವರೊಬ್ಬರ ಮನೆಗೆ ಹೋದೆ. ಈಗ ಮೆಷಿನ್ ಬಂದಿದೆ, ಆದರೂ ಆ ಮನೆಯ ಅತ್ತೆ ನನಗಾಗಿ ಅಟ್ಟದಿಂದ ಮೆಟ್ಟುಗತ್ತಿ, ಅಂದರೆ ಮಣೆಗೆ ನೆಟ್ಟ ಕತ್ತಿ, ಇಳಿಸಿಕೊಟ್ಟರು. ಮಣೆಯನ್ನು ಕಾಲಲ್ಲಿ ಒತ್ತಿ ಹಿಡಿಯಬೇಕು, ಎರಡೂ ಕೈಯಲ್ಲಿ ಕಾಯಿ ಹಿಡಿದು ಕತ್ತಿಯ ಬಾಯಿಗೆ ಒತ್ತಿ ತಿರುಗಿಸಬೇಕು, ಸಿಪ್ಪೆ ಬಿಚ್ಚಿಕೊಂಡಾಗ ಹೆಬ್ಬೆರಳಲ್ಲಿ ಅಡಿಕೆ ದೂಡಿ ಬುಟ್ಟಿಗೆ ಹಾಕಬೇಕು. ಅವರು ಯಾರದೋ ಮದುವೆ ಮುರಿದ ಕಥೆ ಹೇಳುತ್ತ, ಕತ್ತಿಯ ಕಡೆ ನೋಡದೆಯೇ ಸುಲಿಯುತ್ತಿದ್ದರು. ನಾನು ಕಣ್ಣು ಕೀಲಿಸಿಕೊಂಡು ಕೂತರೂ ಅವರ ಹತ್ತಕ್ಕೆ ನನ್ನದೊಂದು. 'ಹೂಂ' ಅನ್ನುವುದಕ್ಕೂ ಪುರುಸೊತ್ತಿಲ್ಲ.

ಅರ್ಧ ತಾಸಿಗೆ ಬೆರಳೆಲ್ಲ ಅಂಟು, ಆಮೇಲೆ ಕಪ್ಪು. ಹಸಿ ಅಡಿಕೆಯ ಒಗರಿನಲ್ಲಿ ಟ್ಯಾನಿನ್ ಇರುತ್ತದೆ, ಅದು ಕತ್ತಿಯ ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುತ್ತದೆ. ಹಿಂದಿನವರು ಅಳಲೆಕಾಯಿಗೆ ಅನ್ನಭೇದಿ ಅನ್ನುವ ಕಬ್ಬಿಣದ ಲವಣ ಸೇರಿಸಿ ಶಾಯಿ ಮಾಡುತ್ತಿದ್ದದ್ದೂ ಇದೇ ಲೆಕ್ಕದಲ್ಲಿ. ಅಂದರೆ ನನ್ನ ಕೈಗೆ ಮೆತ್ತಿದ್ದು ಹೆಚ್ಚುಕಡಿಮೆ ಶಾಯಿಯೇ. ನಿಂಬೆಹುಳಿ ತಿಕ್ಕಿದರೆ ಚೂರು ಬಿಟ್ಟಿತು, ಉಗುರಿನ ಸಂದಿಯದ್ದು ವಾರ ಕಳೆದರೂ ಹೋಗಲಿಲ್ಲ. ಆಫೀಸಲ್ಲಿ ಗ್ಯಾರೇಜು ಇಟ್ಟಿದ್ದೀರಾ ಅಂತ ಕೇಳಿದರು.

ನನ್ನ ಪುಟ ಹಾಳಾದದ್ದು ಅಲ್ಲೇ. ಆ ಕೈಯಲ್ಲಿ ಅವಳು ಕಣ್ಣೊರೆಸಿಕೊಳ್ಳುವಂತಿಲ್ಲ. ಇನ್‌ಲ್ಯಾಂಡ್ ಕಾಗದದ ಅಂಚು ಹರಿಯುವಂತಿಲ್ಲ, ಹರಿದರೆ ಅಕ್ಷರದ ಮೇಲೆ ಹೆಬ್ಬೆಟ್ಟು ಒತ್ತಿದ ಹಾಗಾಗುತ್ತದೆ. ಎದ್ದು ಕೈ ತೊಳೆದು ಬರಬಹುದು, ಆದರೆ ಅತ್ತೆ ಮಾವನ ಎದುರು ಹೊಸ ಸೊಸೆ ಹಾಗೆ ಎದ್ದಳು ಅಂದರೆ ಅದೇ ಬೇರೆ ಕಥೆಯಾಗುತ್ತದೆ.

ಎರಡನೇ ರಾತ್ರಿ ಹಳೇ ಲಾಟೀನು ಹಚ್ಚಿಸಿ, ಕರೆಂಟು ಆರಿಸಿ ಕೂತೆವು. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಗಾದೆ ಅಂದುಕೊಂಡಿದ್ದೆ, ಕಣ್ಣಾರೆ ಕಂಡೆ. ತೊಲೆಗೆ ನೇತುಹಾಕಿದ ಲಾಟೀನಿನ ಎಣ್ಣೆ ಡಬ್ಬಿಯ ನೆರಳು ನೇರ ಕೆಳಗೆ ಬೀಳುತ್ತದೆ. ಸುಲಿಯುವವರು ಅದಕ್ಕೇ ಸುತ್ತ ಸ್ವಲ್ಪ ದೂರ ಕೂರುತ್ತಾರೆ. ಅಲ್ಲಿಂದ ಅಡಿಕೆ ಕಾಣುತ್ತದೆ, ಕೈಬರಹ ಕಾಣುವುದಿಲ್ಲ. ನಾನೇ ಬರೆದುಕೊಂಡು ಹೋಗಿದ್ದ ಕಾಗದವನ್ನು ಓದಲು ಎದ್ದು ದೀಪಕ್ಕೆ ಮುಖ ಕೊಟ್ಟು ನಿಲ್ಲಬೇಕಾಯಿತು. ಹಾಗೆ ನಿಂತರೆ ಓದುವವನ ಮುಖ ಎಲ್ಲರಿಗೂ ಕಾಣುತ್ತದೆ, ಅವನಿಗೆ ಮಾತ್ರ ಯಾರೂ ಸರಿಯಾಗಿ ಕಾಣುವುದಿಲ್ಲ.

ಇದು ಗೊತ್ತಾದ ಮೇಲೆ ಪುಟ ತಾನಾಗಿ ಬದಲಾಯಿತು. ಕಾಗದವನ್ನು ಮೈದುನ ನಿಂತು ಓದುತ್ತಾನೆ, ಗಟ್ಟಿಯಾಗಿ, ಎಲ್ಲರ ಮುಂದೆ. ಅವಳು ಸುಲಿಯುವುದು ನಿಲ್ಲಿಸುವುದಿಲ್ಲ. ಅಡಿಕೆ ಸೀಮೆಯಲ್ಲೇ ಬೆಳೆದವಳು, ಕತ್ತಿ ನೋಡುವ ಅಗತ್ಯ ಅವಳಿಗಿಲ್ಲ. ಆದರೆ ಕಾಗದದ ಎರಡನೇ ಸಾಲಿಗೆ ಅವಳು ತಲೆ ಬಗ್ಗಿಸಿ ಕತ್ತಿ ನೋಡಲು ಶುರುಮಾಡುತ್ತಾಳೆ. ಕಣ್ಣೀರಿನ ಮಾತನ್ನು ತೆಗೆದೇಬಿಟ್ಟೆ.

ಹಾಗಂತ ಎಲ್ಲವನ್ನೂ ಮಾಡಿ ನೋಡಲು ಹೋಗಬೇಡಿ. ಇದೇ ಹುರುಪಲ್ಲಿ ಕಾಲಿಗೆ ತಳೆ ಅನ್ನುವ ಕುಣಿಕೆ ಸಿಕ್ಕಿಸಿಕೊಂಡು ಅಡಿಕೆ ಮರ ಹತ್ತಲು ಹೋಗಿ, ಆಳೆತ್ತರ ಏರುವಷ್ಟರಲ್ಲಿ ಎದೆ ತರಚಿಕೊಂಡು ಜಾರಿದೆ. ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡನ ಬಗ್ಗೆ ಬರೆಯಲು ಅವನ ಪಕ್ಕ ಕೂತು ಕೇಳುವುದೇ ಮೇಲು. ಹಾವು ಕಚ್ಚುವ ದೃಶ್ಯ ಬರೆಯುವವರು ವೈದ್ಯರನ್ನು ಕೇಳಿ. ಕಟ್ಟುಹಾವು ಕಚ್ಚಿದರೆ ಎಷ್ಟೋ ಸಲ ನೋವೇ ಇರುವುದಿಲ್ಲ, ಮಲಗಿದವರಿಗೆ ಕಚ್ಚಿದ್ದೂ ತಿಳಿಯುವುದಿಲ್ಲ. ಚೀರಿ ಬಾಯಲ್ಲಿ ನೊರೆ ತರಿಸುವ ನಮ್ಮ ಅಭ್ಯಾಸಕ್ಕಿಂತ ಅದು ಹೆಚ್ಚು ಭಯಾನಕ.

ಇನ್ನೊಂದು ಎಚ್ಚರ: ಕಲಿತದ್ದನ್ನೆಲ್ಲ ಕಥೆಗೆ ತುರುಕಬೇಡಿ. ಟ್ಯಾನಿನ್, ಅನ್ನಭೇದಿಯ ಪುರಾಣ ನನ್ನ ಮೊದಲ ತಿದ್ದುಪಡಿಯಲ್ಲಿ ಅರ್ಧ ಪುಟ ಇತ್ತು. ಈಗ ಉಳಿದಿರುವುದು 'ಕಪ್ಪು ಬೆರಳು' ಅನ್ನುವ ಎರಡೇ ಪದ. ಶಾಯಿಯ ವಿಷಯ ಬಿಡಲಾಗದೆ ನಿಮಗೆ ಇಲ್ಲಿ ಹೇಳಿಬಿಟ್ಟೆ.

ಬರೆದು ಮುಗಿಸಿ ಅದೇ ಅತ್ತೆಗೆ ಓದಿ ಹೇಳಿದೆ. ಎಲೆಯಡಿಕೆಯ ಕವಳ ಜಗಿಯುತ್ತ ಪೂರ್ತಿ ಕೇಳಿದರು. ಆಮೇಲೆ, 'ಎಲ್ಲಾ ಸರಿ ಇದ್ದು ತಮಾ, ಆದ್ರೆ ಅದು ಏಳಕಾದ್ರೆ ಮಡ್ಲಲ್ಲಿದ್ದ ಸಿಪ್ಪೆ ಕೊಡವಿದ್ದೇ ಇಲ್ಲೆ ಅಲ?' ಅಂದರು. ಮನೆಗೆ ಬಂದು, ಅವಳು ಏಳುವಾಗ ಮಡಿಲ ಸಿಪ್ಪೆ ಕೊಡವುವ ಆ ಸಾಲು ಸೇರಿಸಿದೆ.