ಸಾರ್ವಜನಿಕ ಆರೋಗ್ಯ ಕಾರ್ಯಕ್ರಮಕ್ಕೆ ನಡವಳಿಕೆ ಬದಲಾವಣೆಯ ಯಾವ ಸಿದ್ಧಾಂತ ಒಳ್ಳೆಯದು?

ಸಕ್ಕರೆ ಕಾಯಿಲೆ ತಪಾಸಣೆಗೆ ಜನ ಬರುವಂತೆ ಮಾಡಬೇಕು, ಅದಕ್ಕೆ ಹೆಲ್ತ್ ಬಿಲೀಫ್ ಮಾಡೆಲ್ (ಕಾಯಿಲೆಯ ಬಗ್ಗೆ ಜನರ ನಂಬಿಕೆ ನೋಡುವುದು) ಇಟ್ಟುಕೊಳ್ಳಲಾ, ಹಂತಗಳ ಮಾಡೆಲ್ಲಾ (ಜನ ಹಂತ ಹಂತವಾಗಿ ಬದಲಾಗುತ್ತಾರೆ ಅನ್ನುವುದು), ಕಾಮ್-ಬಿಯಾ (ಸಾಮರ್ಥ್ಯ, ಅವಕಾಶ, ಮನಸ್ಸು ಮೂರನ್ನೂ ನೋಡುವುದು) ಅಂತ ಕೇಳಿದ್ದೀರಿ. ಗುರಿ ಅಂತ ನೀವು ಬರೆದಿರುವುದು 'ಜನರಲ್ಲಿ ಜಾಗೃತಿ ಮೂಡಿಸುವುದು'. ನನ್ನ ಮೊದಲ ಯೋಜನೆಯಲ್ಲೂ ಇದೇ ಸಾಲಿತ್ತು.

ನಮ್ಮದು ಬಿಪಿ ಕಾರ್ಯಕ್ರಮ. ಬಿಪಿ ಇದೆ ಅಂತ ಗೊತ್ತಾದವರು ತಿಂಗಳಿಗೊಮ್ಮೆ ಬಂದು ತೋರಿಸಿಕೊಂಡು ಮಾತ್ರೆ ಒಯ್ಯಬೇಕು. ಮೊದಲ ಸಲ ಬಂದವರಲ್ಲಿ ತುಂಬಾ ಜನ ಮತ್ತೆ ಬರುತ್ತಲೇ ಇರಲಿಲ್ಲ. ನಾನು ಆಗ ಚೆನ್ನಾಗಿ ಓದಿಕೊಂಡಿದ್ದು ಹೆಲ್ತ್ ಬಿಲೀಫ್ ಮಾಡೆಲ್ ಒಂದನ್ನೇ. ಕಾಯಿಲೆ ತನಗೂ ಬರಬಹುದು, ಬಂದರೆ ಕಷ್ಟ, ಚಿಕಿತ್ಸೆಯಿಂದ ಲಾಭವಿದೆ ಅಂತ ನಂಬಿದವರು ಬರುತ್ತಾರೆ ಅನ್ನುವ ಲೆಕ್ಕ. ಹಾಗಾದರೆ ನಂಬಿಕೆ ಹೆಚ್ಚಿಸೋಣ ಅಂತ ಹೊರಟೆವು. ಪೋಸ್ಟರ್, ಭಾಷಣ, ಕಿರುಚಿತ್ರ, ಫೋನಿಗೆ ಮೆಸೇಜು, ಎಲ್ಲ ಆಯಿತು. ಮೊದಲೊಂದು, ಕೊನೆಗೊಂದು ಪ್ರಶ್ನಾವಳಿ. ಜನರ ಅಂಕ ಏರಿತು. ಹಾಜರಿ ಏರಲಿಲ್ಲ.

ಎಡವಿದ್ದು ಆ ಪ್ರಶ್ನಾವಳಿಯಲ್ಲೇ. ಇದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಅಲ್ಲೇ ಎಡವುತ್ತೀರಿ ಅನ್ನುವ ಭಯ ನನಗಿದೆ. 'ಮಾತ್ರೆ ತಪ್ಪಿಸದೆ ನುಂಗುವುದು ಮುಖ್ಯವೇ?' ಅಂತ ಕೇಳಿದ್ದೆವು. ಮೊದಲ ಸುತ್ತಿನಲ್ಲೇ ಹೆಚ್ಚಿನವರು ಹೌದು ಅಂದಿದ್ದರು. ಅಂದರೆ ಪೋಸ್ಟರ್ ಅಚ್ಚಾಗುವ ಮೊದಲೇ ನಮಗೆ ಉತ್ತರ ಸಿಕ್ಕಿತ್ತು. ಒಪ್ಪಿಕೊಂಡವರೂ ಯಾಕೆ ಬರುತ್ತಿಲ್ಲ ಅಂತ ಅಲ್ಲೇ ನಿಂತು ಕೇಳಬೇಕಿತ್ತು. ನಾನು ಮಾತ್ರ 'ಇನ್ನೂ ಮನಸ್ಸಿಗೆ ನಾಟಿಲ್ಲ, ಇನ್ನಷ್ಟು ಹೇಳಬೇಕು' ಅಂದುಕೊಂಡೆ. ಆ ಮಾಡೆಲ್‌ನಲ್ಲಿ ಅಡ್ಡಿಗಳ ಬಗ್ಗೆಯೂ ಒಂದು ಭಾಗವಿದೆ. ಅದಕ್ಕೆ ನಾನು ಇಟ್ಟಿದ್ದು ಒಂದೇ ಪ್ರಶ್ನೆ: 'ಕೇಂದ್ರಕ್ಕೆ ಬರಲು ತೊಂದರೆ ಇದೆಯೇ? ಹೌದು / ಇಲ್ಲ.' ಕೇಳಿದವರು ಕೇಂದ್ರದ ಸಿಬ್ಬಂದಿಯೇ. ಮಾತ್ರೆ ಕೊಡುವವರ ಮುಂದೆ ಕೂತು 'ನಿಮ್ಮಿಂದ ತೊಂದರೆ ಇದೆ' ಅಂತ ಯಾರು ಹೇಳುತ್ತಾರೆ? ಎಲ್ಲರೂ ಇಲ್ಲ ಅಂದರು. ತೊಂದರೆಯೇ ಇಲ್ಲ ಅಂತ ವರದಿಯಲ್ಲಿ ಬರೆದೆ. ಅದೂ ಸಾಲದು ಅಂತ, ಕೇಳಿದ್ದು ಕೇಂದ್ರಕ್ಕೆ ಬಂದವರನ್ನು ಮಾತ್ರ. ಬಾರದವರ ಮನೆಗೆ ಒಬ್ಬರೂ ಹೋಗಲಿಲ್ಲ.

ಕೊನೆಗೊಂದು ದಿನ ಸರದಿಯಲ್ಲಿ ಕೂತು ನೋಡಿದೆ. ನನ್ನ ಪಕ್ಕದಲ್ಲಿದ್ದ ಹೆಂಗಸಿಗೆ ಬಿಪಿ ಏರಿದರೆ ಮಿದುಳಿಗೆ, ಕಿಡ್ನಿಗೆ ಏನಾಗುತ್ತದೆ ಅಂತೆಲ್ಲ ಗೊತ್ತಿತ್ತು. ಮೊದಲು ಹೆಸರು ಬರೆಸುವ ಕಿಟಕಿ, ಆಮೇಲೆ ಬಿಪಿ ನೋಡುವ ಕೋಣೆ, ಮತ್ತೆ ಅದೇ ಕಿಟಕಿಗೆ ಬಂದು ಚೀಟಿಗೆ ಮುದ್ರೆ, ಅದಾದ ಮೇಲೆ ಮಾತ್ರೆಯ ಕಿಟಕಿ. ಮುದ್ರೆ ಹಾಕುವವರು ಎದ್ದು ಹೋಗಿದ್ದರು. ಆಕೆ ಗಡಿಯಾರ ನೋಡಿದರು. ಇನ್ನು ತಡವಾದರೆ ಅರ್ಧ ದಿನದ ಕೂಲಿ ಹೋಗುತ್ತದೆ ಅಂದರು. ಚೀಟಿ ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಟೇಬಿಟ್ಟರು. ಅವರ ತಲೆಯ ಮೇಲಿನ ಗೋಡೆಯಲ್ಲೇ ನಮ್ಮ ಪೋಸ್ಟರ್ ಇತ್ತು.

ಅಷ್ಟು ಹೊತ್ತಿಗೆ ಹಣ ಮುಗಿದಿತ್ತು. ಹಾಜರಿ ನೋಡಿದ ಮೇಲಿನವರು ಮುಂದಿನ ವರ್ಷಕ್ಕೆ ಮಂಜೂರು ಮಾಡಲಿಲ್ಲ. ಆ ಕಿಟಕಿಗಳನ್ನು ಒಂದು ಮಾಡಲು ಪೋಸ್ಟರಿನಷ್ಟೂ ಖರ್ಚಾಗುತ್ತಿರಲಿಲ್ಲ. ಇದು ನನಗೆ ಇವತ್ತಿಗೂ ನೋವಿನ ವಿಷಯ.

ಆಮೇಲೆ ಆ ಮಾಡೆಲ್ ಹುಟ್ಟಿದ ಕಥೆ ಓದಿದೆ. 1950ರ ದಶಕದಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯವರು ಕ್ಷಯ ಪತ್ತೆಗೆ ಎಕ್ಸ್-ರೇ ಗಾಡಿಗಳನ್ನು ಜನರಿದ್ದಲ್ಲಿಗೇ ಕಳಿಸುತ್ತಿದ್ದರು, ಅದೂ ಉಚಿತವಾಗಿ. ಆದರೂ ಎಷ್ಟೋ ಜನ ಬರಲಿಲ್ಲ. ಯಾಕೆ ಅಂತ ಆ ಸೇವೆಯಲ್ಲಿದ್ದ ಮನೋವಿಜ್ಞಾನಿಗಳಾದ ಹಾಕ್‌ಬಾಮ್, ರೋಸೆನ್‌ಸ್ಟಾಕ್ ಮುಂತಾದವರು ಹುಡುಕಿದಾಗ ಬಂದದ್ದು ಈ ಮಾಡೆಲ್. ಗಮನಿಸಿ, ದೂರ ಮತ್ತು ದುಡ್ಡಿನ ತೊಡಕನ್ನು ಅವರು ಆಗಲೇ ಬಹುಮಟ್ಟಿಗೆ ತೆಗೆದಿದ್ದರು. ಹಾಗಾಗಿ ನಂಬಿಕೆಯ ಪ್ರಶ್ನೆ ಎದ್ದಿತು. ನಾನು ತೊಡಕನ್ನು ಹಾಗೇ ಬಿಟ್ಟು ನಂಬಿಕೆಗೆ ಕೈ ಹಾಕಿದ್ದೆ.

ಇನ್ನೊಂದು ಪ್ರಯೋಗ ಹೇಳಲೇಬೇಕು. ಮನೋವಿಜ್ಞಾನಿ ಹೊವರ್ಡ್ ಲೆವೆಂತಾಲ್ ಮತ್ತು ಸಂಗಡಿಗರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಟೆಟನಸ್ ಚುಚ್ಚುಮದ್ದಿನ ಬಗ್ಗೆ ಮಾಡಿ 1965ರಲ್ಲಿ ಪ್ರಕಟಿಸಿದ್ದು. ಕೆಲವು ವಿದ್ಯಾರ್ಥಿಗಳಿಗೆ ಭಯ ಹುಟ್ಟಿಸುವ ಚಿತ್ರ ತೋರಿಸಿದರು, ಕೆಲವರಿಗೆ ಸೌಮ್ಯವಾಗಿ ಹೇಳಿದರು. ಭಯಪಟ್ಟವರು ಹಾಕಿಸಿಕೊಳ್ಳಬೇಕು ಅಂತ ಜಾಸ್ತಿ ಹೇಳಿದರು, ಆದರೆ ಹಾಕಿಸಿಕೊಂಡವರ ಲೆಕ್ಕದಲ್ಲಿ ಭಯದಿಂದ ವ್ಯತ್ಯಾಸವಾಗಲಿಲ್ಲ. ವ್ಯತ್ಯಾಸ ಮಾಡಿದ್ದು ಆರೋಗ್ಯ ಕೇಂದ್ರ ಗುರುತಿಸಿದ ಒಂದು ನಕ್ಷೆ, ಜೊತೆಗೆ 'ನಿಮ್ಮ ವಾರದಲ್ಲಿ ಯಾವ ಹೊತ್ತು ಬಿಡುವಿದೆ, ನೋಡಿಕೊಳ್ಳಿ' ಅನ್ನುವ ಸೂಚನೆ. ಅದು ಸಿಕ್ಕವರಲ್ಲಿ ಸುಮಾರು ಶೇ. 28ರಷ್ಟು ಜನ ಹಾಕಿಸಿಕೊಂಡರು. ಸಿಗದವರಲ್ಲಿ ಶೇ. 3. ಅವರೆಲ್ಲ ಕೊನೆಯ ವರ್ಷದವರು, ಕೇಂದ್ರ ಎಲ್ಲಿದೆ ಅಂತ ಮೊದಲೇ ಗೊತ್ತಿರುವವರು!

ಹಾಗಾಗಿ 'ಯಾವ ಸಿದ್ಧಾಂತ' ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮೊದಲು ಆ ಗುರಿಯ ಸಾಲು ಹೊಡೆದುಹಾಕಿ. ಯಾರು, ಏನು ಮಾಡಬೇಕು, ಎಲ್ಲಿ, ಯಾವಾಗ ಅಂತ ಒಂದೇ ಸಾಲಲ್ಲಿ ಬರೆಯಿರಿ. ಬರೆಯಲು ಬರದಿದ್ದರೆ ಕಾರ್ಯಕ್ರಮ ಇನ್ನೂ ತಯಾರಾಗಿಲ್ಲ ಅಂತಲೇ ಅರ್ಥ. ಅದಾದ ಮೇಲೆ ಕಾಮ್-ಬಿ ತೆಗೆದುಕೊಳ್ಳಿ. 2011ರಲ್ಲಿ ಮನೋವಿಜ್ಞಾನಿ ಸೂಸನ್ ಮಿಚಿ ಮತ್ತು ಸಹೋದ್ಯೋಗಿಗಳು ನಡವಳಿಕೆ ಬದಲಾವಣೆಯ 19 ಚೌಕಟ್ಟುಗಳನ್ನು ಪರಿಶೀಲಿಸಿ ಕೊಟ್ಟದ್ದು. ಮಾಡಲು ಬರುತ್ತದಾ, ಮಾಡಲು ಅವಕಾಶ ಇದೆಯಾ, ಮಾಡುವ ಮನಸ್ಸಿದೆಯಾ ಅಂತ ಮೂರನ್ನೂ ಕೇಳಿಸುತ್ತದೆ. ನಾನು ಕೇಳದೆ ಬಿಟ್ಟಿದ್ದು ನಡುವಿನದನ್ನು. ಹಂತಗಳ ಮಾಡೆಲ್ ನಿಮ್ಮ ಕೆಲಸಕ್ಕೆ ಬೇಡ. ಪ್ರೊಚಾಸ್ಕ, ಡಿಕ್ಲೆಮೆಂಟೆ ಅನ್ನುವ ಮನೋವಿಜ್ಞಾನಿಗಳು ಅದನ್ನು ಕಟ್ಟಿದ್ದು ಸಿಗರೇಟು ಬಿಡುವವರನ್ನು ನೋಡಿ. ಒಂದು ಸಲದ ತಪಾಸಣೆಗೆ ಬರುವವರನ್ನು ಹಂತ ಹಂತವಾಗಿ ವಿಂಗಡಿಸುತ್ತಾ ಕೂತರೆ ಸುಮ್ನೆ ಕಾಲ ಹೋಗುತ್ತದೆ, ಅಲ್ವಾ?

ಪೋಸ್ಟರಿಗೆ ಆರ್ಡರ್ ಕೊಟ್ಟಿಲ್ಲ ತಾನೆ? ತಡೆಹಿಡಿಯಿರಿ. ಆ ಹಣದಲ್ಲಿ ಕೇಂದ್ರಕ್ಕೆ ಸಂಬಂಧವಿಲ್ಲದ ಒಬ್ಬರನ್ನು ನೇಮಿಸಿ, ತಪಾಸಣೆಗೆ ಬಾರದವರ ಮನೆಗೇ ಕಳಿಸಿ. 'ಮುಖ್ಯವೇ' ಅಂತ ಕೇಳುವುದು ಬೇಡ. 'ತಪಾಸಣೆ ಇದ್ದ ದಿನ ಬೆಳಿಗ್ಗೆಯಿಂದ ಏನೇನು ಮಾಡಿದಿರಿ?' ಅಂತ ಕೇಳಲಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಲಿ. ಪ್ರಶ್ನಾವಳಿಯ ಕರಡು ಇದ್ದರೆ ಇಲ್ಲೇ ಹಾಕಿ, ಓದಿ ಹೇಳುತ್ತೇನೆ.